ಬೋಲ್ಟಿನ ಮೇಲೆ ಎರಡನೇ ಗೆರೆ

"ನಾನು ಕಟ್ಟೋ ಇಂಜಿನ್ ಯಾವುದೇ ಆಗಲಿ, ಮೊದಲು ನಾನು ಕೂತ್ಕೋತೀನಿ. ಆಮೇಲೆ ನೀನು. ಆಯ್ತಾ?"

ಅಣ್ಣ ಈ ಮಾತು ಕೊಟ್ಟಾಗ ತಂಗಿಯ ಹಾಲುಹಲ್ಲು ಪೂರ್ತಿ ಉದುರಿರಲಿಲ್ಲ. ಅಪ್ಪನ ಶೆಡ್ಡಿನಲ್ಲಿ ಗ್ರೀಸ್ ಡಬ್ಬದ ಮೇಲೆ ಕೂತು, ಅಮ್ಮನ ಉಗುರುಬಣ್ಣದ ಸೀಸೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಅಣ್ಣ ಬೋಲ್ಟ್ ಬಿಗಿಯುವುದು, ತಂಗಿ ಸ್ಪ್ಯಾನರ್ ಹಾಕಿ ಒಮ್ಮೆ ಜಗ್ಗಿ ನೋಡಿ, ಬೋಲ್ಟಿನ ತಲೆಯಿಂದ ಪಕ್ಕದ ಲೋಹದ ಮೇಲಕ್ಕೆ ಒಂದು ಕೆಂಪು ಗೆರೆ ಎಳೆಯುವುದು. ಆಮೇಲೆ ಬೋಲ್ಟ್ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ.

ಬಿಗಿದವರು ಗೆರೆ ಎಳೆಯಬಾರದು. ಅದು ಅಪ್ಪ ಹಾಕಿದ ಕಟ್ಟಳೆ. ಒಬ್ಬರ ಕೈಯನ್ನು ಇನ್ನೊಬ್ಬರ ಕಣ್ಣು ನೋಡಿರಬೇಕು.

ಅಪ್ಪ ಹೋದರು. ಕಟ್ಟಳೆ ಉಳಿಯಿತು. ಅಣ್ಣನ ಮಾತೂ ಉಳಿದುಕೊಂಡು ಬಂತು, ತಂಗಿಯ ಗಂಡ ಕಾರಿನೊಳಗೇ ಸತ್ತ ದಿನದವರೆಗೆ.

ಆ ಕಾರಿನ ಸಿಡಿದ ಇಂಜಿನ್ನಿನ ಮೇಲ್ಮುಚ್ಚಳ ಈಗ ಜಿಗಣೆಯ ಮುಂದೆ ಮೇಜಿನ ಮೇಲಿತ್ತು.

ಜಿಗಣೆ ಎಂಬುದು ಇನ್ಸ್‌ಪೆಕ್ಟರಿಗೆ ಇಲಾಖೆಯವರು ಬೆನ್ನ ಹಿಂದೆ ಇಟ್ಟ ಹೆಸರು. ಕಚ್ಚಿದರೆ ಬಿಡುವುದಿಲ್ಲ ಎಂದು. ಆಕೆಗೂ ಅದು ಗೊತ್ತಿತ್ತು. ಹೋಂವರ್ಕಿನ ಹೊತ್ತಿನಲ್ಲಿ ಮನೆಯಲ್ಲಿ ಮಗಳು ಕರೆಯುವುದೂ ಹಾಗೆಯೇ.

ಶೆಡ್ಡಿನ ಒಳಕೋಣೆಯ ಕಿಟಕಿಯಿಂದ ಹಳೆಯ ವಿಮಾನಪಟ್ಟಿ ಉದ್ದಕ್ಕೂ ಕಾಣುತ್ತಿತ್ತು. ವಿಮಾನಗಳು ಬಿಟ್ಟುಹೋದ ಮೇಲೆ ರೇಸಿನವರು ಹಿಡಿದುಕೊಂಡ ಜಾಗ. ಅದರ ಕೊನೆಯಲ್ಲಿ ಗೋಡೆ. ಗೋಡೆಯ ಮೇಲೊಂದು ಕಪ್ಪು ಮಚ್ಚೆ. ಯಾರೋ ತೊಳೆಯಲು ಹೋಗಿ ಅರ್ಧಕ್ಕೇ ಕೈಬಿಟ್ಟಿದ್ದರು.

ಜಿಗಣೆ ಕಿಟಕಿಗೆ ಬೆನ್ನು ಮಾಡಿ ಕೂತಳು. ಆ ಮಚ್ಚೆಯನ್ನು ನೋಡುತ್ತ ಪ್ರಶ್ನೆ ಕೇಳಲು ಆಗುತ್ತಿರಲಿಲ್ಲ.

ಹೊರಗೆ ಬಿಸಿಲಿನಲ್ಲಿ ಎರಡನೇ ಕಾರು ನಿಂತಿತ್ತು. ಸತ್ತವನ ಕಾರಿನ ಅವಳಿ. ಅದೇ ಕೈ ಕಟ್ಟಿದ ಇಂಜಿನ್, ಅದೇ ಬಣ್ಣ, ಮೂಗು ಅದೇ ಗೋಡೆಯ ಕಡೆಗೆ. ಇವತ್ತು ಅದರ ಆರ್‌ಪಿಎಂ ಮುಳ್ಳನ್ನು ಮೊದಲ ಸಲ ಕೆಂಪು ಪಟ್ಟಿಯವರೆಗೆ ಏರಿಸುವವಳು ತಂಗಿ. ಗಂಡನನ್ನು ಕಳಕೊಂಡ ಮೇಲೆ ಅವಳು ಊಟ ಕೇಳಲಿಲ್ಲ, ನಿದ್ದೆ ಕೇಳಲಿಲ್ಲ, ಇದೊಂದನ್ನು ಕೇಳಿದ್ದಳು. ಅಣ್ಣನ ಅಂಗೈಯ ಸುಟ್ಟ ಗಾಯ ಇನ್ನೂ ಆರಿರಲಿಲ್ಲ. ಸ್ಟಿಯರಿಂಗ್ ಹಿಡಿಯಲು ಅವನಿಂದ ಆಗದು.

ಬಂದ ಕೂಡಲೇ ಜಿಗಣೆ ಆ ಕಾರಿನ ಕೀಲಿ ಕೇಳಿದ್ದಳು. ತಂಗಿ ಒಂದು ಮಾತೂ ಆಡದೆ ಕೊಟ್ಟುಬಿಟ್ಟಳು. ಅಷ್ಟು ಸಲೀಸಾಗಿ ಕೊಟ್ಟಿದ್ದೇ ಜಿಗಣೆಗೆ ಸರಿ ಕಾಣಲಿಲ್ಲ. ಆದರೂ ಕೀಲಿ ಜೇಬಿನಲ್ಲಿತ್ತು. ಅದೊಂದು ಧೈರ್ಯ.

"ಅಪಘಾತ ಅಂತ ಬರೆದು ಮುಗಿಸಮ್ಮ ಅಂತಾರೆ ನಮ್ಮ ಸಾಹೇಬ್ರು," ಎಂದಳು. "ನಂಗೆ ಕೈ ಬರ್ತಿಲ್ಲ. ನೀವೇ ಹೇಳಿ, ಆ ಇಂಜಿನ್ನಿಗೆ ಏನು ಮಾಡಿದ್ರಿ?"

ಎದುರಿಗೆ ಕೂತ ಅಣ್ಣ ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿ ಮಗುವಿನ ಹಾಗೆ ಇಟ್ಟುಕೊಂಡಿದ್ದ. "ಎಲ್ರೂ ಕೇಳೋದನ್ನೇ ಮಾಡಿದ್ದು. ಮೇಲಿನ ಆರ್‌ಪಿಎಂನಲ್ಲಿ ಶಕ್ತಿ."

"ನಂಗೆ ತಿಳಿಯೋ ಹಾಗೆ ಹೇಳಿ. ನಾನು ಸ್ಕೂಟರ್ ಓಡಿಸೋಳು."

"ಜೋರಾಗಿ ಓಡೋವಾಗ ಮೂಗಿನ ಉಸಿರು ಸಾಲಲ್ಲ, ಬಾಯಿ ತೆಗೀತೀವಲ್ಲ, ಅಷ್ಟೇ ಮೇಡಂ. ಮಾಮೂಲಿ ಇಂಜಿನ್ ಒಂದು ಮಟ್ಟ ದಾಟಿದ್ರೆ ಬರೀ ಕಿರುಚುತ್ತೆ, ಎಳೆಯಲ್ಲ. ಗಾಳಿ ತುಂಬ್ಕೊಳ್ಳೋಕೆ ಅದಕ್ಕೆ ಪುರುಸೊತ್ತೇ ಇರಲ್ಲ. ಅದಕ್ಕೇ ಗಾಳಿ ಬರೋ ದಾರಿ ಅಗಲ ಮಾಡಿ ನುಣ್ಣಗೆ ಉಜ್ತೀವಿ. ವಾಲ್ವ್ ಅಂದ್ರೆ ಗಾಳಿಯ ಬಾಗಿಲು ಅಂದ್ಕೊಳ್ಳಿ. ಅದನ್ನ ಇನ್ನಷ್ಟು ಹೊತ್ತು ತೆರೆದಿಡೋ ಕ್ಯಾಮ್ ಹಾಕ್ತೀವಿ."

"ಬಾಗಿಲು ತೆರೆಯೋದು ಕ್ಯಾಮು. ಮುಚ್ಚೋದು?"

ಅಣ್ಣ ತಲೆಯೆತ್ತಿದ. ಈ ಹೆಂಗಸು ಸುಮ್ಮನೆ ಕೇಳುತ್ತಿಲ್ಲ ಎಂದು ಆಗ ಅವನಿಗೆ ಹೊಳೆದಿರಬೇಕು.

"ಸ್ಪ್ರಿಂಗು."

"ಒಂದು ಬಾಗಿಲಿಗೆ ಒಂದೇನಾ?"

"ಎರಡು. ಒಂದರ ಹೊಟ್ಟೇಲಿ ಇನ್ನೊಂದು. ಅಷ್ಟು ವೇಗದಲ್ಲಿ ಒಂದಕ್ಕೇ ಮುಚ್ಚೋಕಾಗಲ್ಲ. ಬಾಗಿಲು ಅರ್ಧದಲ್ಲೇ ತೇಲ್ತಾ ಇರುತ್ತೆ, ಕೆಳಗಿಂದ ಪಿಸ್ಟನ್ ಬಂದು ಗುದ್ದುತ್ತೆ. ಗುದ್ದಿದ್ರೆ..." ಅವನ ಕಣ್ಣು ಆಕೆಯ ಭುಜ ದಾಟಿ ಕಿಟಕಿಗೆ ಹೋಯಿತು.

"ಲ್ಯಾಬಿನವರು ಚೂರುಗಳನ್ನೆಲ್ಲ ಹರಡ್ಕೊಂಡು ಕೂತು ಜೋಡಿಸಿದ್ರು. ಪುಡಿಯಾಗಿದ್ದೂ ಸಿಕ್ತು. ಒಂದು ವಾಲ್ವಿನ ಒಳಸ್ಪ್ರಿಂಗ್ ಮಾತ್ರ ಸಿಗಲಿಲ್ಲ. ಮುರಿದಿದ್ರೆ ತುಣುಕಾದ್ರೂ ಇರಬೇಕಲ್ವಾ? ಅದು ಮುರೀಲಿಲ್ಲ. ಅಲ್ಲಿ ಇರಲೇ ಇಲ್ಲ."

ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಅಣ್ಣನ ಹಣೆಯಿಂದ ಬೆವರು ಇಳಿದು ಗಲ್ಲದ ತುದಿಯಲ್ಲಿ ನಿಂತಿತು. ಅವನು ಒರೆಸಿಕೊಳ್ಳಲಿಲ್ಲ.

"ನಾನು ಹಾಕಿದೀನಿ ಮೇಡಂ. ನನ್ನ ಕೈಯಾರೆ."

"ಹಾಕಿದ್ರಿ. ಯಾವಾಗ್ಲೂ ಮೊದಲು ಕೂರೋರೂ ನೀವೇ. ಅವತ್ತು ಮಾತ್ರ ಕೂರ್ಲಿಲ್ಲ. ಅವತ್ತೇ ಕೈ ಸುಟ್ಕೊಂಡ್ರಿ. ಎಂಥಾ ಹೊತ್ತು ನೋಡಿ ಸುಟ್ಕೊಂಡ್ರಿ, ಅಲ್ವಾ?"

"ನನ್ನ ತಂಗಿ ಗಂಡ ಅವರು!"

"ಗೊತ್ತು. ಅದಕ್ಕೇ ಕೇಳ್ತಿರೋದು. ಕೈ ಹೇಗೆ ಸುಡ್ತು?"

"ಮೀಟರ್ ಇಂಜಿನ್ ಬಿಸಿ ಮಾಡ್ತಿದ್ದ. ನಾನು ಬಗ್ಗಿದ್ದೆ, ಕಾಲು ಜಾರ್ತು, ಹೊಗೆ ಪೈಪಿನ ಮೇಲೆ ಕೈ ಊರಿಬಿಟ್ಟೆ." ಮೀಟರ್ ಎಂದರೆ ಲ್ಯಾಪ್‌ಟಾಪ್ ಹಿಡಿದು ಇಂಜಿನ್ನಿನ ಕಂಪ್ಯೂಟರ್ ಹೊಂದಿಸುವ ಗೆಳೆಯ, ಮನುಷ್ಯರ ಮುಖ ಬಿಟ್ಟು ಪರದೆಯ ಮುಳ್ಳುಗಳನ್ನು ಮಾತ್ರ ನೋಡುವವನು. "ನನ್ನ ತಂಗಿ, ನಮ್ಮ ಮರಿ, ಅಳ್ತಾ ಮುಲಾಮು ತರೋಕೆ ಓಡಿದ್ಲು. ಇವತ್ತು ಓಡಿಸೋದು ಬೇಡ, ಕೈ ವಾಸಿ ಆಗ್ಲಿ ಅಂತ ಹೇಳಿಯೇ ಹೋದ್ಲು. ಅವಳು ಅತ್ತ ಹೋಗಿದ್ದೇ ತಡ, ಭಾವ ಹೆಲ್ಮೆಟ್ ಹಾಕ್ಕೊಂಡ್ರು. 'ನೀವು ಕೈಗೆ ಗಾಳಿ ಊದ್ಕೋತಾ ಕೂತಿರಿ, ಇದೊಂದು ಸಲ ನಾನೇ ಉದ್ಘಾಟನೆ ಮಾಡ್ತೀನಿ' ಅಂದ್ರು. ನಗ್ತಾ ಹೋದ್ರು ಮೇಡಂ."

ಅವನು ಬ್ಯಾಂಡೇಜಿನ ಅಂಚನ್ನು ಕೀಳತೊಡಗಿದ. "ನಾನು ಹೋಗೋವಾಗ ಮುಳ್ಳು ಕೆಂಪು ಪಟ್ಟಿಯನ್ನ ಒಂದ್ಸಲ ಮುಟ್ಟಿದ ಕೂಡ್ಲೇ ಕಾಲು ತೆಗೆದುಬಿಡ್ತೀನಿ. ಇಂಜಿನ್ ಟಿಕ್ ಅಂದ್ರೂ ಸಾಕು, ವಾಪಸ್. ಭಾವ ಹಾಗಲ್ಲ. ಒತ್ತಿದ ಕಾಲು ಎತ್ತೋ ಆಸಾಮಿಯೇ ಅಲ್ಲ."

ಜಿಗಣೆ ಪೆನ್ನನ್ನು ಮೇಜಿನ ಮೇಲಿಟ್ಟಳು. ಇಲ್ಲಿಗೆ ಬರುವಾಗ ಕಟ್ಟಿಕೊಂಡು ಬಂದಿದ್ದ ಲೆಕ್ಕಾಚಾರವೆಲ್ಲ ಒಂದೇ ಏಟಿಗೆ ಕುಸಿಯಿತು. ಗಂಡ ಕೂರುತ್ತಾನೆಂದು ಯಾರಿಗೂ ಮೊದಲೇ ಗೊತ್ತಿರಲಿಲ್ಲ. ಸ್ಪ್ರಿಂಗ್ ತೆಗೆದದ್ದು ಅದಕ್ಕೂ ಮುಂಚೆ.

"ಅಂದ್ರೆ," ಎಂದಳು. ತನ್ನ ದನಿ ತನಗೇ ಸಣ್ಣದಾಗಿ ಕೇಳಿಸಿತು. "ತೆಗೆದೋರು ಅವರಿಗೋಸ್ಕರ ತೆಗೆದಿದ್ದಲ್ಲ. ನಿಮಗೋಸ್ಕರ."

ಅಣ್ಣ ಬ್ಯಾಂಡೇಜು ಕೀಳುವುದನ್ನು ನಿಲ್ಲಿಸಿದ.

"ಇದನ್ನ ನೋಡಿ." ಜಿಗಣೆ ಮುಚ್ಚಳವನ್ನು ಅವನ ಕಡೆ ತಿರುಗಿಸಿದಳು. ಬೆಂಕಿ ಅದರ ಒಂದು ಬದಿಯನ್ನು ತಿಂದಿತ್ತು. ಇನ್ನೊಂದು ಬದಿಯ ಬೋಲ್ಟುಗಳು ಹಾಗೆಯೇ ಉಳಿದಿದ್ದವು. "ಪ್ರತಿ ಬೋಲ್ಟಿನ ಹತ್ರ ಎರಡು ಗೆರೆ. ಮೊದಲನೇದು ಮುರಿದಿದೆ. ಅಂದ್ರೆ ನೀವು ಮುಚ್ಚಿದ ಮೇಲೆ ಯಾರೋ ಬಿಚ್ಚಿದಾರೆ. ತೆಗೆಯೋದನ್ನ ತೆಗೆದು, ಮತ್ತೆ ಬಿಗಿದಿದಾರೆ. ಆಮೇಲೆ ಹೊಸದಾಗಿ ಗೆರೆ ಎಳೆದಿದಾರೆ. ನಂಗೆ ರಾತ್ರಿಯೆಲ್ಲ ಕಾಡಿದ್ದು ಅದೇ. ಕಳ್ಳ ಬಂದೋನು ಬಾಗಿಲು ಮುರಿದು, ಹೋಗೋವಾಗ ಹೊಸಿಲು ಒರೆಸಿ ಹೋಗ್ತಾನಾ?"

ಅಣ್ಣ ಬಗ್ಗಿ ನೋಡಿದ.

ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಎಡಗೈಯ ಬೆರಳನ್ನು ಒಂದು ಗೆರೆಯ ಮೇಲಿಟ್ಟ. ಗೆರೆಯ ಕೊನೆಯಲ್ಲಿ ಕುಂಚ ಎತ್ತಿದ ಕಡೆ ಪುಟ್ಟದೊಂದು ಬಾಲ, ಮೇಲಕ್ಕೆ ತಿರುಗಿದ್ದು. ಅವನು ಮುಂದಿನ ಗೆರೆಗೆ ಹೋದ. ಅಲ್ಲೂ ಬಾಲ. ಅದರ ಮುಂದಿನದಕ್ಕೂ.

ಅವನ ಮುಖದಿಂದ ರಕ್ತ ಇಳಿದುಹೋದದ್ದನ್ನು ಜಿಗಣೆ ಕಣ್ಣಾರೆ ಕಂಡಳು.

"ನಾನೇ ಎಳೆದಿದ್ದು," ಎಂದ.

"ನೀವು?"

"ಹೂಂ. ಏನೋ ನೋಡೋಕೆ ಬಿಚ್ಚಿದ್ದೆ. ಮತ್ತೆ ಮುಚ್ಚಿದೆ. ಮರೆತಿದ್ದೆ."

ಕಿಟಕಿಯ ದಂಡೆಯ ಮೇಲೆ ಸ್ಕ್ರೂಗಳ ನಡುವೆ ಉಗುರುಬಣ್ಣದ ಸೀಸೆ ಇತ್ತು. ಜಿಗಣೆ ಅದನ್ನು ತೆಗೆದು ಅವನ ಮುಂದಿಟ್ಟಳು. "ಎಳೀರಿ ಒಂದು."

"ಕೈ ಸುಟ್ಟಿದೆಯಲ್ಲ ಮೇಡಂ."

"ಇನ್ನೊಂದು ಕೈ ಇದೆಯಲ್ಲ."

ಅವನು ಎಳೆದ. ಬಣ್ಣ ಮುದ್ದೆಯಾಗಿ ಬಿದ್ದು ಬೋಲ್ಟಿನ ಸುತ್ತ ಹರಡಿತು. ಹುಟ್ಟಿದಾಗಿನಿಂದ ಬಿಗಿದೇ ಗೊತ್ತಿದ್ದವನು. ಗೆರೆ ಎಂದೂ ಎಳೆದವನಲ್ಲ. ಇಬ್ಬರೂ ಆ ಕೆಂಪು ಮುದ್ದೆಯನ್ನು ನೋಡುತ್ತ ಕೂತರು.

"ಸುಳ್ಳು ಹೇಳೋಕೂ ಅಭ್ಯಾಸ ಬೇಕು," ಎಂದಳು ಜಿಗಣೆ ಮೆಲ್ಲಗೆ. "ಯಾರನ್ನ ಕಾಯ್ತಿದೀರಿ?"

ಅದಕ್ಕೆ ಬದಲು ಅಣ್ಣ ತಾನೇ ಕೇಳಿದ. "ಯಾವ ಸಿಲಿಂಡರ್‌ದು, ಆ ಇಲ್ಲದೇ ಇರೋ ಸ್ಪ್ರಿಂಗು?"

"ಹಿಂದಿನದು. ಡ್ರೈವರ್ ಕಾಲಿಗೆ ಹತ್ರ ಇರೋದು."

"ಒಂದೇನಾ?"

"ಒಂದೇ."

ಅವನು ಕಣ್ಣು ಮುಚ್ಚಿದ. ತುಟಿ ಅಲುಗಿತು, ಏನನ್ನೋ ಕೇಳಿಸಿಕೊಳ್ಳುವವನ ಹಾಗೆ. ಕಣ್ಣು ತೆರೆದಾಗ ಮುಖದ ಮೇಲೆ ಭಯವಿನ್ನೂ ಇತ್ತು. ಆದರೆ ಅದರ ಜೊತೆಗೆ ಇನ್ನೇನೋ ಸೇರಿಕೊಂಡಿತ್ತು. ಹಟಮಾರಿ ಮಗು ಏನು ಮಾಡಿದೆ ಎಂದು ತಿಳಿದ ಮೇಲೆ ದೊಡ್ಡವರ ಮುಖದಲ್ಲಿ ಬರುವಂಥದು.

"ಇದು ಕೊಲ್ಲೋಕೆ ಮಾಡಿದ್ದಲ್ಲ ಮೇಡಂ."

"ಮತ್ತೆ?"

"ನಂಗೆ ಕೇಳ್ಸೋಕೆ." ಅವನು ಎದ್ದ. "ಬಣ್ಣ ಮೆತ್ತಿದೆ. ಕೈ ತೊಳ್ಕೊಂಡು ಬಂದೆ, ಒಂದು ನಿಮಿಷ."

ನಲ್ಲಿ ಶೆಡ್ಡಿನ ಹಿಂಬದಿಯಲ್ಲಿತ್ತು. ನೀರು ಬೀಳುವ ಸದ್ದು ಕೇಳಿದ ಮೇಲೆ ಜಿಗಣೆ ಮುಚ್ಚಳವನ್ನು ಎತ್ತಿಕೊಂಡು ಮುಂಬಾಗಿಲಿಗೆ ನಡೆದಳು. ಬಿಗಿಯುವ ಕೈ ಅಣ್ಣನದು. ಮೀಟರ್ ಸ್ಪ್ಯಾನರ್ ಮುಟ್ಟುವವನಲ್ಲ. ಕುಂಚ ಹಿಡಿಯುವ ಕೈ ಈ ಶೆಡ್ಡಿನಲ್ಲಿ ಒಂದೇ.

ತಂಗಿ ಬಾಗಿಲ ಬಳಿ ಹಳೆಯ ಟೈರಿನ ಮೇಲೆ ಕೂತು ಗ್ಲೌಸು ಹಾಕಿಕೊಳ್ಳುತ್ತಿದ್ದಳು. ಮೈಮೇಲೆ ಗಂಡನ ರೇಸಿನ ಅಂಗಿ. ತೋಳು ಮಡಚಿ ಮಡಚಿ ಮೊಣಕೈವರೆಗೆ ದಪ್ಪಗಾಗಿತ್ತು. ಆಚೆ ನೆರಳಿನಲ್ಲಿ ಮೀಟರ್ ಲ್ಯಾಪ್‌ಟಾಪಿನ ಮುಂದೆ ಬಗ್ಗಿದ್ದ.

ಜಿಗಣೆ ಮುಚ್ಚಳವನ್ನು ಅವಳ ಮಡಿಲಲ್ಲಿಟ್ಟಳು. ಏನೂ ಕೇಳಲಿಲ್ಲ.

ತಂಗಿ ಒಂದೊಂದೇ ಗೆರೆ ನೋಡುತ್ತ ಹೋದಳು. ಮುದ್ದೆಯಾಗಿ ಬಿದ್ದ ಹಸಿ ಬಣ್ಣ ಕಣ್ಣಿಗೆ ಬಿದ್ದಾಗ ಅವಳ ಬಾಯಿ ನಗುವಂತೆ ಸೊಟ್ಟಗಾಯಿತು. "ಇದು ಅಣ್ಣನ ಕೈ. ಎಷ್ಟು ಕೆಟ್ಟದಾಗಿ ಎಳೆದಿದಾನೆ ನೋಡಿ. ನನ್ನ ಉಳ್ಸೋಕಾ?"

"ಮಿಕ್ಕಿದ್ದು ನಿಂದಾ ಅಮ್ಮ?"

"ನಾನು ಎಳೀಬಾರದಿತ್ತು ಮೇಡಂ. ಬಿಗಿದೋರು ಗೆರೆ ಎಳೀಬಾರದು. ಅವತ್ತು ಬಿಗಿದೋಳೂ ನಾನೇ. ಎದ್ದು ಹೋಗ್ಬೇಕು ಅಂತ ನಿಂತೆ. ಕೈ ಸುಮ್ನಿರ್ಲಿಲ್ಲ. ಗೆರೆ ಇಲ್ದೆ ಬೋಲ್ಟ್ ಬಿಟ್ಟು ಹೋಗೋಕೆ ಆಗ್ಲೇ ಇಲ್ಲ."

"ಅಣ್ಣನ ಮೇಲೆ ಯಾಕಮ್ಮ ಅಷ್ಟು ಕೋಪ?"

ತಂಗಿ ಬೆಚ್ಚಿ ತಲೆಯೆತ್ತಿದಳು. "ಅಣ್ಣನ ಮೇಲಾ? ಭಾನುವಾರ ರೇಸಿತ್ತು. ಇವರು ಸಾಯ್ತಾರೆ ಅಂತ ನಂಗೆ ದಿನಾ ಅನ್ನಿಸ್ತಿತ್ತು. ಕಾಲು ಎತ್ತಲ್ಲ, ಯಾರ ಮಾತೂ ಕೇಳಲ್ಲ. ಬೇಡ್ಕೊಂಡೆ, ಜಗಳ ಆಡ್ದೆ, ಊಟ ಬಿಟ್ಟೆ. ನಕ್ಕು ತಲೆ ಸವರಿ ಹೋಗ್ತಿದ್ರು. ಅಣ್ಣ ಈ ಇಂಜಿನ್ ಸರಿಯಿಲ್ಲ ಅಂದ್ರೆ ಮಾತ್ರ ಕೇಳ್ತಿದ್ರು. ಮೊದಲು ಅಣ್ಣ ತಾನೇ ಕೂರೋದು? ಅವನ ಕಿವಿ ನಿಮಗೆ ಗೊತ್ತಿಲ್ಲ ಮೇಡಂ. ಒಂದು ವಾಲ್ವ್ ಟಿಕ್ ಅಂದ್ರೆ ಸಾಕು, ಕಾಲು ತೆಗೆದು ವಾಪಸ್ ಬರ್ತಾನೆ. ಬಂದು, ಇದು ಬೇಡ, ಭಾನುವಾರ ಓಡ್ಸೋ ಹಾಗಿಲ್ಲ ಅಂತಾನೆ. ಅಷ್ಟೇ ಅಂದ್ಕೊಂಡಿದ್ದೆ. ಅವನಿಗೆ ಚೆನ್ನಾಗಿ ಕೇಳಿಸ್ಲಿ ಅಂತಾನೇ ಹಿಂದಿನ ಸಿಲಿಂಡರ್‌ದು ತೆಗೆದೆ."

ಅವಳು ಗ್ಲೌಸನ್ನು ಕಿತ್ತು ಪಕ್ಕಕ್ಕಿಟ್ಟಳು. "ಅವನ ಕೈ ಸುಡ್ತು. ಇನ್ನು ಇವತ್ತು ಯಾರೂ ಓಡಿಸಲ್ಲ ಅಂತ ಮುಲಾಮು ತರೋಕೆ ಹೋದೆ. ವಾಪಸ್ ಬರೋವಾಗ ರಸ್ತೆಯಿಂದಲೇ ಹೊಗೆ ಕಾಣ್ತು."

ಜಿಗಣೆಗೆ ಮುಂದಿನ ಪ್ರಶ್ನೆ ಬಾಯಿಗೆ ಬರುವ ಮೊದಲೇ ಕಣ್ಣು ಬಿಸಿಲಿನಲ್ಲಿ ಗಾಜು ಥಳಥಳಿಸುತ್ತ ನಿಂತ ಕಾರಿನ ಕಡೆ ಹೋಯಿತು. ಗಂಡನ ಅಂಗಿ. ಈ ಹಟ. ಕೀಲಿಯನ್ನು ಅಷ್ಟು ಸಲೀಸಾಗಿ ಕೊಟ್ಟದ್ದು.

"ಮಗಳೇ, ಆ ಕಾರಿಗೆ ಏನು ಮಾಡಿದೀಯ?"

ತಂಗಿ ತಲೆ ತಗ್ಗಿಸಿದಳು. "ಅದು ನನಗೆ."

ಆಗ ಕಾರು ಸ್ಟಾರ್ಟ್ ಆಯಿತು.

ಜಿಗಣೆ ಜೇಬಿಗೆ ಕೈ ಹಾಕಿದಳು. ಕೀಲಿ ಅಲ್ಲೇ ಇತ್ತು. ಅದನ್ನು ಹೊರತೆಗೆದು, ನಂಬಲಾರದೆ ಮುಷ್ಟಿಯಲ್ಲಿ ಹಿಡಿದು ನೋಡಿದಳು.

"ಆ ಕೀಲಿ ಕಾರಿನ ಬಾಗಿಲಿಗೆ ಮಾತ್ರ!" ಮೀಟರ್ ಎದ್ದು ನಿಂತು ಕೂಗಿದ. "ರೇಸ್ ಕಾರು ಮೇಡಂ, ಸ್ವಿಚ್ ಒತ್ತಿದ್ರೆ ಸ್ಟಾರ್ಟ್ ಆಗುತ್ತೆ!"

ಶೆಡ್ಡಿನ ಹಿಂದೆ ನೀರು ಇನ್ನೂ ಬೀಳುತ್ತಲೇ ಇತ್ತು. ನಲ್ಲಿಯ ಬಳಿ ಯಾರೂ ಇರಲಿಲ್ಲ.

ತಂಗಿ ಎದ್ದ ರಭಸಕ್ಕೆ ಮುಚ್ಚಳ ಮಡಿಲಿನಿಂದ ಬಿದ್ದು ನೆಲದ ಮೇಲೆ ಘಣ್ ಎಂದಿತು. "ಅಣ್ಣಾ! ಇಳಿಯೋ! ಅಣ್ಣಾ!"

ಹೆಲ್ಮೆಟ್ಟಿನೊಳಗಿನ ಮುಖ ಕಾಣುತ್ತಿರಲಿಲ್ಲ. ಕಿಟಕಿಯಿಂದ ಬ್ಯಾಂಡೇಜಿನ ಕೈ ಹೊರಬಂದು ಎರಡು ಸಲ ಆಡಿತು. ಚಿಕ್ಕಂದಿನಿಂದ ಅವಳಿಗೆ ಅವನು ಮಾಡುತ್ತಿದ್ದ ಸನ್ನೆ. ಇಲ್ಲೇ ಇರು, ಈಗ ಬಂದೆ.

ಕಾರು ಹೊರಟಿತು.

ಜಿಗಣೆ ಓಡಿದಳು. ಹತ್ತು ಹೆಜ್ಜೆ ಹಾಕುವುದರೊಳಗೆ ಅದು ಪಟ್ಟಿಯ ಮೇಲೆ ದೂರವಾಗಿತ್ತು. "ಲ್ಯಾಪ್‌ಟಾಪಿಂದ ಆಫ್ ಮಾಡ್ರೀ!"

"ವೈರ್ ಇಲ್ದೆ ಹೇಗ್ ಮಾಡ್ಲಿ, ಮಂತ್ರ ಹಾಕ್ಲಾ?" ಮೀಟರ್ ಅಳುತ್ತಿದ್ದ. ಬಿಚ್ಚಿದ ವೈರು ಅವನ ಕೈಯಲ್ಲೇ ನೇತಾಡುತ್ತಿತ್ತು.

"ಅವನಿಗೆ ಕೇಳ್ಸುತ್ತಮ್ಮ," ಜಿಗಣೆ ತಂಗಿಯ ಎರಡೂ ಭುಜ ಹಿಡಿದಳು. "ನೀನೇ ಹೇಳಿದ್ಯಲ್ಲ, ಟಿಕ್ ಅಂದ್ರೆ ಕಾಲು ತೆಗೀತಾನೆ. ಅದನ್ನ ನಂಬ್ಕೊಂಡೇ ಹೋಗಿದಾನೆ. ಕೇಳ್ಸ್ಕೊಂಡು ವಾಪಸ್ ಬರ್ತಾನೆ."

ತಂಗಿ ಇಲ್ಲವೆಂದು ತಲೆಯಾಡಿಸಿದಳು.

"ಅವತ್ತು ಒಂದೇ ತೆಗೆದಿದ್ದೆ. ಕೇಳಿಸ್ಲಿ ಅಂತ. ಇದರಲ್ಲಿ..." ಅವಳು ಅಂಗಿಯ ಜೇಬಿಗೆ ಕೈ ಹಾಕಿ ಮುಷ್ಟಿ ತುಂಬ ಏನನ್ನೋ ತೆಗೆದು ತೋರಿಸಿದಳು. ಬಿಸಿಲಿಗೆ ಹೊಳೆಯುವ ಪುಟ್ಟ ಪುಟ್ಟ ಸುರುಳಿಗಳು. ಕೆಲವು ಬೆರಳ ಸಂದಿಯಿಂದ ಜಾರಿ ನೆಲದ ಮೇಲೆ ಪುಟಿದವು. "ಒಳಗಿನವು ಒಂದೂ ಇಲ್ಲ ಮೇಡಂ. ವಾಲ್ವೆಲ್ಲಾ ಒಟ್ಟಿಗೇ ಕೈಕೊಡುತ್ತೆ. ಟಿಕ್ ಅನ್ನಲ್ಲ. ಏನೂ ಅನ್ನಲ್ಲ."

ಪಟ್ಟಿಯ ಆಚೆ ತುದಿಯಿಂದ ಇಂಜಿನ್ನಿನ ದನಿ ಬರುತ್ತಿತ್ತು. ಒಂದು ಗೇರು. ಇನ್ನೊಂದು. ದನಿ ಏರುತ್ತಲೇ ಇತ್ತು, ನುಣ್ಣಗೆ, ಎಲ್ಲೂ ಒಂದು ಬಿರುಕಿಲ್ಲದೆ. ಅಷ್ಟು ಚೆನ್ನಾಗಿ ಕಟ್ಟಿದ ಇಂಜಿನ್ನಿನ ದನಿಯನ್ನು ಜಿಗಣೆ ಅಲ್ಲಿಯವರೆಗೆ ಕೇಳಿರಲಿಲ್ಲ. ಆಕೆ ಕಿವಿ ಮುಚ್ಚಿಕೊಂಡಳು.

ಅಣ್ಣ ಕೊಟ್ಟ ಮಾತು ಉಳಿಸಿಕೊಂಡ. ತಂಗಿಗಿಂತ ಮೊದಲು ಅವನು ಕೂತ.